ವಿಕ್ಟೋರಿಯಾದಲ್ಲಿ ಒಂದು ಎಲೆಕ್ಷನ್ ವಾರ

ಸೋಮವಾರ, ಪಾಯಿಂಟ್ ಕುಕ್

ಮೆಲ್ಬರ್ನ್‌ಗೆ ಬಂದವರೆಲ್ಲ ಗ್ರೇಟ್ ಓಷನ್ ರೋಡ್ ನೋಡ್ತಾರೆ, ಪೆಂಗ್ವಿನ್ ನೋಡ್ತಾರೆ. ನಾನು ಮಗಳಿಗೆ ಮೊದಲೇ ಹೇಳಿಬಿಟ್ಟಿದ್ದೆ, ಅವೆಲ್ಲ ಆಮೇಲೆ, ಈ ವಾರ ನನಗೆ ಎಲೆಕ್ಷನ್ ತೋರಿಸು ಅಂತ. 2022ರ ನವೆಂಬರ್ 26, ಶನಿವಾರ, ವಿಕ್ಟೋರಿಯಾ ರಾಜ್ಯದ ಪಾರ್ಲಿಮೆಂಟಿಗೆ ಚುನಾವಣೆ. ಕೆಳಮನೆಗೆ 88 ಸೀಟು, ಮೇಲ್ಮನೆಗೆ 40. ಹೈಸ್ಕೂಲ್ ಮೇಡಂ ಆಗಿದ್ದಷ್ಟು ಕಾಲವೂ ನಮ್ಮ ತಾಲ್ಲೂಕಿನಲ್ಲಿ ಎಲೆಕ್ಷನ್ ಡ್ಯೂಟಿ ಮಾಡಿದವಳು ನಾನು. ಬೇರೆ ದೇಶದಲ್ಲಿ ಈ ಕೆಲಸ ಹೇಗೆ ನಡೆಯುತ್ತೆ ಅಂತ ನೋಡುವ ಆಸೆ ತುಂಬಾ ಹಳೆಯದು.

ಮಗಳ ಮನೆ ಪಶ್ಚಿಮದ ಪಾಯಿಂಟ್ ಕುಕ್‌ನಲ್ಲಿ. ಸಂಜೆ ವಾಕಿಂಗ್ ಹೊರಟರೆ ಒಂದು ಮೈಕ್ ಇಲ್ಲ, ಆಟೋ ಪ್ರಚಾರ ಇಲ್ಲ, ಮೆರವಣಿಗೆ ಇಲ್ಲ. ಬದಲಿಗೆ ಮನೆ ಮುಂದಿನ ಬೇಲಿಗೆ ಪ್ಲಾಸ್ಟಿಕ್ ಬೋರ್ಡ್ ಕಟ್ಟಿರುತ್ತಾರೆ. ಅದರಲ್ಲಿ ಅಭ್ಯರ್ಥಿಯ ನಗುವ ಮುಖ ಮತ್ತು ಹೆಸರು, ಅಷ್ಟೇ. ಅದನ್ನು ಕೋರ್‌ಫ್ಲೂಟ್ ಅಂತಾರೆ. ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಕೆಂಪು ಮತ್ತು ನೀಲಿ ಬೋರ್ಡು. ನಡುವೆ ಒಂದು ಮಗು ಸೈಕಲ್ ಓಡಿಸುತ್ತಿತ್ತು.

ಅಂಗಡಿ ಸಾಲಿನ ಹತ್ತಿರ ಮುಂಗಡ ಮತದಾನದ ಕೇಂದ್ರ. 14ನೇ ತಾರೀಖಿನಿಂದಲೇ ತೆರೆದಿದೆ. ಶನಿವಾರ ಕೆಲಸ ಇರುವವರು, ಊರಿಗೆ ಹೋಗುವವರು ಮೊದಲೇ ಬಂದು ಹಾಕಿ ಹೋಗುತ್ತಾರೆ. ಬಾಗಿಲಿಗೆ ಹೋಗುವ ದಾರಿಯ ಎರಡೂ ಕಡೆ ಬಣ್ಣಬಣ್ಣದ ಟೀಶರ್ಟ್ ಹಾಕಿದವರು ನಿಂತಿದ್ದರು. ಲೇಬರ್ ಕೆಂಪು, ಲಿಬರಲ್ ನೀಲಿ, ಗ್ರೀನ್ಸ್ ಹಸಿರು. ಎಲ್ಲರ ಕೈಯಲ್ಲೂ ಹೇಗೆ ವೋಟು ಹಾಕಬೇಕು ಅಂತ ತಿಳಿಸುವ ಕರಪತ್ರ, ಅದನ್ನೇ ಕಾರ್ಡ್ ಅಂತಾರೆ. ನಾನು ಯಾರನ್ನೂ ಬಿಡದೆ ಎಲ್ಲರ ಹತ್ತಿರವೂ ಈಸಿಕೊಂಡೆ.

ಊಟ ಆದಮೇಲೆ ಅವನ್ನೆಲ್ಲ ಮೇಜಿನ ಮೇಲೆ ಹರಡಿದೆವು. ಪ್ರತಿ ಕಾರ್ಡಿನಲ್ಲೂ ಅದೇ ಹೆಸರುಗಳು, ಪಕ್ಕದ ನಂಬರ್ ಮಾತ್ರ ಬೇರೆ ಬೇರೆ. ಅಳಿಯ ಬಿಡಿಸಿ ಹೇಳಿದರು. "ಅತ್ತೆ, ಇಲ್ಲಿ ಒಬ್ಬರಿಗೆ ಮಾತ್ರ ಹಾಕಿದ್ರೆ ಆಗಲ್ಲ. ಕ್ಷೇತ್ರದಲ್ಲಿ ಎಷ್ಟು ಜನ ನಿಂತಿದ್ದಾರೋ ಅಷ್ಟೂ ಜನಕ್ಕೆ ಒಂದು, ಎರಡು, ಮೂರು ಅಂತ ನಂಬರ್ ಕೊಡಬೇಕು." ಯಾರಿಗೂ ಅರ್ಧಕ್ಕಿಂತ ಜಾಸ್ತಿ ಒಂದನೇ ನಂಬರ್ ಬರದಿದ್ದರೆ, ಕಡೇ ಸ್ಥಾನದವರನ್ನು ಎಣಿಕೆಯಿಂದ ತೆಗೆಯುತ್ತಾರೆ. ಅವರಿಗೆ ಬಿದ್ದ ವೋಟುಗಳು ಆ ಚೀಟಿಗಳಲ್ಲೇ ಬರೆದಿರುವ ಎರಡನೇ ಆಯ್ಕೆಗೆ ಹೋಗುತ್ತವೆ. ಹೀಗೇ ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋಗುತ್ತಾರೆ.

ಪಾಯಿಂಟ್ ಕುಕ್‌ನಲ್ಲಿ ನಿಂತವರು 15 ಜನ. ಆ ಸಂಖ್ಯೆ ಕೇಳಿದ ತಕ್ಷಣ ನನಗೆ ಬ್ಯಾಲೆಟ್ ಯೂನಿಟ್ ನೆನಪಾಯ್ತು. ನಮ್ಮಲ್ಲಿ 15 ಅಭ್ಯರ್ಥಿಗಳು, ಜೊತೆಗೆ ನೋಟಾ, ಅಲ್ಲಿಗೆ ಒಂದು ಯೂನಿಟ್‌ನ 16 ಗುಂಡಿಗಳೂ ಭರ್ತಿ. ಇನ್ನೊಬ್ಬರು ನಿಂತರೆ ಎರಡನೇ ಯೂನಿಟ್ ಹೊತ್ತುಕೊಂಡು ಹೋಗಬೇಕು. ಮಸ್ಟರಿಂಗ್ ದಿನ, ಅಂದರೆ ಮತಯಂತ್ರ ಪಡೆದು ಮತಗಟ್ಟೆಗೆ ಹೊರಡುವ ದಿನ, ನಾವು ಮೊದಲು ಕೇಳುತ್ತಿದ್ದುದೇ ಅದನ್ನು, "ಈ ಸಲ ಎಷ್ಟು ಯೂನಿಟ್?" ಕೆಳಗಿನ ಸಾಲುಗಳಲ್ಲಿದ್ದ ಪಕ್ಷೇತರರ ಹೆಸರು ಓದುತ್ತಿದ್ದೆವು, ಟ್ಯಾಲಿ ಮಾಡುತ್ತಿದ್ದೆವು. ಆ ಹೆಸರಿನ ಮನುಷ್ಯರನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಬುಧವಾರ, ಸ್ಪ್ರಿಂಗ್ ಸ್ಟ್ರೀಟ್

ವಿಲಿಯಮ್ಸ್ ಲ್ಯಾಂಡಿಂಗ್‌ನಿಂದ ರೈಲು ಹತ್ತಿ ಸದರ್ನ್ ಕ್ರಾಸ್‌ನಲ್ಲಿ ಇಳಿದೆ. ಊರ ನಡುವೆ ಟ್ರಾಮ್ ಫ್ರೀ. ಅಲ್ಲೇ ಹತ್ತಿ ಅಲ್ಲೇ ಇಳಿಯುವುದಾದರೆ ಕಾರ್ಡ್ ಮುಟ್ಟಿಸಲೇಬೇಡಿ, ಮುಟ್ಟಿಸಿದರೆ ಸುಮ್ನೆ ದುಡ್ಡು ಹೋಗುತ್ತೆ. 86 ಅಥವಾ 96ನೇ ನಂಬರ್ ಟ್ರಾಮ್ ಬರ್ಕ್ ಸ್ಟ್ರೀಟ್ ಹತ್ತಿ ಸೀದಾ ಪಾರ್ಲಿಮೆಂಟ್ ಹೌಸ್ ಎದುರಿಗೆ ಬಿಡುತ್ತೆ.

ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲುಗಳು. 1901ರಿಂದ 1927ರವರೆಗೆ ಇಡೀ ಆಸ್ಟ್ರೇಲಿಯಾದ ಪಾರ್ಲಿಮೆಂಟ್ ನಡೆದದ್ದು ಇದೇ ಕಟ್ಟಡದಲ್ಲಿ. ಕ್ಯಾನ್‌ಬೆರಾದಲ್ಲಿ ಮನೆ ಸಿದ್ಧವಾಗುವವರೆಗೂ ರಾಜ್ಯದವರು ಇದನ್ನು ಬಿಟ್ಟುಕೊಟ್ಟಿದ್ದರು. ಮೆಟ್ಟಿಲ ಮೇಲೆ ಮದುವೆ ಹೆಣ್ಣುಗಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾರೂ ತಡೆಯಲಿಲ್ಲ. ನಾನೂ ಅಲ್ಲೇ ಕೂತು ಮಗಳು ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆ.

ನನಗೆ ನೋಡಬೇಕಿದ್ದದ್ದು ಬೇರೆ. ಕಟ್ಟಡದ ಹಿಂದೆ ಸ್ವಲ್ಪ ದೂರದಲ್ಲಿ ಬರ್ಸ್ಟನ್ ರಿಸರ್ವ್ ಅನ್ನೋ ಚಿಕ್ಕ ಹಸಿರು ಜಾಗ ಇದೆ. ಅಲ್ಲಿ ಕಾಗದದ ಸುರುಳಿ ಬಿಚ್ಚಿ ಹಾಸಿದ ರೂಪದಲ್ಲಿ ಒಂದು ಶಿಲ್ಪ. 1891ರಲ್ಲಿ ವಿಕ್ಟೋರಿಯಾದ ಹೆಂಗಸರು ವೋಟಿನ ಹಕ್ಕು ಕೇಳಿ ಮನೆಮನೆ ಬಾಗಿಲು ತಟ್ಟಿ ಸುಮಾರು 30,000 ಸಹಿ ಮಾಡಿಸಿದರು. ಆ ಅರ್ಜಿಯ ಉದ್ದ ಸುಮಾರು 260 ಮೀಟರ್. ಅದರ ನೆನಪಿಗೆ ಈ ಶಿಲ್ಪ. ಇಷ್ಟಾದರೂ ರಾಜ್ಯದ ಚುನಾವಣೆಯಲ್ಲಿ ಹೆಂಗಸರಿಗೆ ವೋಟು ಸಿಕ್ಕಿದ್ದು 1908ರಲ್ಲಿ, ಆಸ್ಟ್ರೇಲಿಯಾದ ರಾಜ್ಯಗಳಲ್ಲೆಲ್ಲ ಕೊನೆಗೆ. ಅಭ್ಯರ್ಥಿಯಾಗಿ ನಿಲ್ಲೋದಕ್ಕೆ 1923ರ ಕಾಯ್ದೆವರೆಗೂ ಕಾಯಬೇಕಾಯಿತು.

ಇದಕ್ಕೂ ಹಿಂದೆ ಒಂದು ಸಂಗತಿ ನಡೆದಿತ್ತು. 1863ರ ಕಾನೂನಿನಲ್ಲಿ ತೆರಿಗೆ ಕಟ್ಟುವ 'ಎಲ್ಲರಿಗೂ' ವೋಟು ಅಂತ ಬರೆದುಬಿಟ್ಟಿದ್ದರು. 1864ರಲ್ಲಿ ತೆರಿಗೆ ಕಟ್ಟುವ ಹೆಂಗಸರು ಹೋಗಿ ವೋಟು ಹಾಕಿಯೇ ಬಂದರು. ಮರುವರ್ಷವೇ ಕಾನೂನು ತಿದ್ದಿ ಅವರನ್ನು ಹೊರಗಿಟ್ಟರು. ಕೈಗೆ ಬಂದದ್ದನ್ನು ಕಿತ್ತುಕೊಂಡು ಮತ್ತೆ ನಲವತ್ತು ವರ್ಷ ಕಾಯಿಸಿದ ಕಥೆ ಇದು. ಆ ಸುರುಳಿಯ ಪಕ್ಕ ನಿಂತಾಗ ನನಗೆ ಸಿಟ್ಟು ಬಂತು.

ಗುರುವಾರ, ಬ್ಯಾಲರಟ್ ಮತ್ತು ಕ್ರೆಸ್‌ವಿಕ್

ಮಗಳು ರಜೆ ಹಾಕಿದಳು. ವೆಸ್ಟರ್ನ್ ಫ್ರೀವೇ ಹಿಡಿದರೆ ಬ್ಯಾಲರಟ್ ಒಂದೂವರೆ ಗಂಟೆಯೊಳಗೆ. ಆ ವರ್ಷ ಮಳೆ ಬಿಟ್ಟಿರಲೇ ಇಲ್ಲ. ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ದೊಡ್ಡ ಪ್ರವಾಹವೇ ಬಂದಿತ್ತು. ರಸ್ತೆ ಬದಿಯ ಗುಡ್ಡಗಳೆಲ್ಲ ಹಸಿರೋ ಹಸಿರು. ಟಾರ್ ಎದ್ದು ಗುಂಡಿ ಬಿದ್ದ ಕಡೆ ಕಾರು ನಿಧಾನ ಮಾಡಬೇಕಿತ್ತು. ಪ್ರಚಾರದಲ್ಲೂ ಈ ಗುಂಡಿಗಳೇ ಒಂದು ವಿಷಯ. ಬ್ಯಾಕಸ್ ಮಾರ್ಷ್‌ನಲ್ಲಿ ತೋಟದವರ ಅಂಗಡಿ ಕಂಡರೆ ನಿಲ್ಲಿಸಿ, ಸ್ಟ್ರಾಬೆರಿ ಸೊಗಸಾಗಿತ್ತು.

ಬ್ಯಾಲರಟ್‌ನಲ್ಲಿ ಕಾರಿನಿಂದ ಇಳಿದ ಕೂಡಲೇ ಗಾಳಿ ಛತ್ರಿಯನ್ನು ಉಲ್ಟಾ ಮಾಡಿ ಎರಡು ಕಡ್ಡಿ ಮುರಿಯಿತು. ಬೇಕರಿಯ ಅಜ್ಜಿ ನೋಡಿ, "ಈ ಊರಲ್ಲಿ ಛತ್ರಿ ಕೆಲಸಕ್ಕೆ ಬರಲ್ಲಮ್ಮ, ಟೋಪಿ ಇರೋ ಕೋಟೇ ಬೇಕು" ಅಂದರು. ಮೆಲ್ಬರ್ನ್‌ನಲ್ಲಿ ಬಿಸಿಲಿದ್ದರೂ ಇಲ್ಲಿಗೆ ಸ್ವೆಟರ್ ತರಲೇಬೇಕು. ಅಲ್ಲೇ ಲ್ಯಾಮಿಂಗ್ಟನ್ ತಿಂದೆ. ಚಾಕಲೇಟ್‌ನಲ್ಲಿ ಅದ್ದಿ ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಕೇಕ್. ತಿಪಟೂರಿನವಳು ನಾನು, ಕೊಬ್ಬರಿಗೆ ಮಾರ್ಕು ಹಾಕದೆ ಇರೋಕಾಗುತ್ತಾ? ತುರಿ ಒಣಗಿತ್ತು, ಕೇಕ್ ಮಾತ್ರ ಮೆತ್ತಗಿತ್ತು.

ಯುರೇಕಾ ಸೆಂಟರ್‌ನಲ್ಲಿ ಆ ಪ್ರಸಿದ್ಧ ಬಾವುಟ ಇದೆ. ಮಂದ ಬೆಳಕಿನ ಕೋಣೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ನೀಲಿ ಬಟ್ಟೆಯ ಮೇಲೆ ಬಿಳಿ ಶಿಲುಬೆ, ನಕ್ಷತ್ರಗಳು. ಒಂದು ಭಾಗ ಹರಿದುಹೋಗಿದೆ. ಹೊಲಿಗೆಯ ಎಳೆಗಳು ಕಾಣುತ್ತವೆ, ಕೈಯಲ್ಲಿ ಹೊಲಿದದ್ದು ಅಂತ ಗೊತ್ತಾಗುತ್ತೆ. 1854ರಲ್ಲಿ ಇಲ್ಲಿನ ಚಿನ್ನದ ಗಣಿಯ ಜನ ಲೈಸೆನ್ಸ್ ಶುಲ್ಕದ ವಿರುದ್ಧ, ವೋಟಿನ ಹಕ್ಕಿಗಾಗಿ ಇದೇ ಬಾವುಟದ ಕೆಳಗೆ ಸೇರಿದರು. ಡಿಸೆಂಬರ್ 3ರ ಬೆಳಗಿನ ಜಾವ ಸೈನಿಕರು ನುಗ್ಗಿದರು. ಮುಂದಾಳು ಪೀಟರ್ ಲೇಲರ್ ಒಂದು ತೋಳು ಕಳೆದುಕೊಂಡ. ಮರುವರ್ಷ ಅದೇ ಬ್ಯಾಲರಟ್ ಜನ ಅವನನ್ನು ಶಾಸನಸಭೆಗೆ ಕಳಿಸಿದರು. ಮುಂದೆ ಅವನು ಸ್ಪೀಕರ್ ಕೂಡ ಆದ. 1856ರಲ್ಲಿ ವಿಕ್ಟೋರಿಯಾ ಗುಪ್ತ ಮತದಾನ ತಂದಿತು. ಸರ್ಕಾರವೇ ಚೀಟಿ ಅಚ್ಚುಹಾಕಿ, ಮರೆಯಲ್ಲಿ ನಿಂತು ಗುರುತು ಹಾಕುವ ಪದ್ಧತಿ ಜಗತ್ತಿನಲ್ಲಿ ಮೊದಲು ಶುರುವಾದ ಜಾಗಗಳಲ್ಲಿ ಇದೂ ಒಂದು. ನಾನು ಎಷ್ಟೋ ಸಲ ಶಾಲೆಯ ಮೂಲೆಯಲ್ಲಿ ರಟ್ಟಿನ ಮರೆ ಕಟ್ಟಿದ್ದೀನಲ್ಲ, ಅದರ ಬೇರು ಇಲ್ಲಿದೆ.

ವಾಪಸ್ ಬರುವಾಗ ಕ್ರೆಸ್‌ವಿಕ್ ಕಡೆ ತಿರುಗಿದೆವು. ನೋಡುವಂಥ ದೊಡ್ಡ ಸ್ಥಳ ಏನೂ ಅಲ್ಲ, ಅಗಲವಾದ ಬೀದಿ, ಹಳೆಯ ಕಟ್ಟಡಗಳು. ಆದರೆ ಈ ಸುತ್ತಿನ ಅಲನ್‌ಡೇಲ್ ಕ್ಷೇತ್ರದಿಂದ 1933ರಲ್ಲಿ ಮಿಲಿ ಪೀಕಾಕ್ ಗೆದ್ದರು. ವಿಕ್ಟೋರಿಯಾ ಪಾರ್ಲಿಮೆಂಟಿಗೆ ಆಯ್ಕೆಯಾದ ಮೊದಲ ಹೆಂಗಸು. ಗಂಡ ಅಲೆಕ್ಸಾಂಡರ್ ಪೀಕಾಕ್ ಅಲ್ಲಿನ ಶಾಸಕ, ಹಿಂದೆ ಪ್ರೀಮಿಯರ್, ಅಂದರೆ ರಾಜ್ಯದ ಮುಖ್ಯಮಂತ್ರಿ, ಆಗಿದ್ದವರು. ಅವರು ತೀರಿಕೊಂಡ ಮೇಲಿನ ಉಪಚುನಾವಣೆ ಅದು. ಶೋಕದಲ್ಲಿದ್ದ ಆಕೆ ಪ್ರಚಾರಕ್ಕೆ ಹೋಗಲೇ ಇಲ್ಲ, ಆದರೂ ಗೆದ್ದರು. ಗಂಡನ ಸೀಟು ಹೆಂಡತಿಗೆ ಅನ್ನೋದು ನಮಗೆ ಹೊಸದಲ್ಲ. ಹಾಗಂತ ಆ ಬಾಗಿಲು ತೆರೆದದ್ದು ಚಿಕ್ಕ ವಿಷಯವೂ ಅಲ್ಲ. ಯಾರಾದರೂ ಮೊದಲು ಒಳಗೆ ಹೋಗಲೇಬೇಕಿತ್ತು.

ಶುಕ್ರವಾರ, ವಾರಗಲ್

ಬೆಳಿಗ್ಗೆ ವೆಸ್ಟ್ ಗೇಟ್ ಸೇತುವೆಯ ಮೇಲೆ ಟ್ರಾಫಿಕ್. ಏಳು ಗಂಟೆ ಒಳಗೆ ದಾಟಿದರೆ ಸರಿ, ಇಲ್ಲವೆಂದರೆ ಕೂತೇ ಇರಬೇಕು. ಆಮೇಲೆ ಪ್ರಿನ್ಸಸ್ ಫ್ರೀವೇಯಲ್ಲಿ ಪೂರ್ವಕ್ಕೆ. ಡ್ರೂಯಿನ್ ಹತ್ತಿರ ಬರುತ್ತಿದ್ದ ಹಾಗೆ ದಾರಿ ಪೂರ್ತಿ ಹೈನುಗಾರಿಕೆಯ ನಾಡು. ಕಪ್ಪು ಬಿಳಿ ಹಸುಗಳು ಮೊಣಕಾಲುದ್ದದ ಹುಲ್ಲಿನಲ್ಲಿ.

ಇಲ್ಲಿಗೆ ಬರಲು ಕಾರಣ ನ್ಯಾರಕನ್ ಕ್ಷೇತ್ರ. ಮತದಾನಕ್ಕೆ ಒಂದು ವಾರವೂ ಇಲ್ಲದಿರುವಾಗ ಅಲ್ಲಿನ ನ್ಯಾಷನಲ್ಸ್ ಪಕ್ಷದ ಅಭ್ಯರ್ಥಿ ಶಾನ್ ಗಿಲ್‌ಕ್ರಿಸ್ಟ್ ತೀರಿಕೊಂಡಿದ್ದರು. ಕೆಳಮನೆಯ ಚುನಾವಣೆ ಅಲ್ಲಿ ರದ್ದಾಯಿತು. ಮೇಲ್ಮನೆಗೆ ಮಾತ್ರ ವೋಟು. ನನಗೆ 2018ರ ಜಯನಗರ ನೆನಪಾಯಿತು. ಬಿಜೆಪಿ ಅಭ್ಯರ್ಥಿ ಬಿ.ಎನ್. ವಿಜಯಕುಮಾರ್ ಮೇ ತಿಂಗಳಲ್ಲಿ ಪ್ರಚಾರದ ನಡುವೆಯೇ ತೀರಿಕೊಂಡು, ಅಲ್ಲಿ ಮತದಾನ ಜೂನ್ 11ಕ್ಕೆ ಹೋಗಿತ್ತಲ್ಲ. ನಮ್ಮ ನಿಯಮದಲ್ಲಿ ಒಂದು ವಿಶೇಷ ಇದೆ. ನಮ್ಮಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಮಾತ್ರ ಮತದಾನ ಮುಂದೂಡುತ್ತಾರೆ. ಪಕ್ಷೇತರರು ಸತ್ತರೆ ಇಲ್ಲ. ಈ ನಿಯಮವನ್ನು ನಾನು ತರಬೇತಿಯಲ್ಲಿ ಓದಿದ್ದೆ, ಯೋಚಿಸಿರಲಿಲ್ಲ.

ವಾರಗಲ್‌ಗೆ ಇನ್ನೇನು ಬಂದೆವು ಅನ್ನುವಾಗ ಹಿಂದಿನ ಟೈರ್ ಪಂಕ್ಚರ್. ಫ್ರೀವೇಯಿಂದ ಇಳಿದು ಹುಲ್ಲಿನ ಬದಿಗೆ ನಿಲ್ಲಿಸಿದೆವು. ಮಳೆ ಜಿನುಗುತ್ತಿತ್ತು. ಡಿಕ್ಕಿಯಲ್ಲಿದ್ದ ಸ್ಪ್ಯಾನರ್ ಆ ನಟ್‌ಗೆ ಕೂರುತ್ತಲೇ ಇರಲಿಲ್ಲ. ಫೋನ್ ಮಾಡಿದರೆ ಒಂದು ಗಂಟೆ ಆಗುತ್ತೆ ಅಂದರು. ಅಷ್ಟರಲ್ಲಿ ಒಂದು ಯೂಟ್, ಅಂದರೆ ಹಿಂದೆ ತೆರೆದ ಡಬ್ಬದ ಗಾಡಿ, ಬಂದು ನಿಂತಿತು. ಮಂಡಿವರೆಗೆ ರಬ್ಬರ್ ಬೂಟು, ಅರವತ್ತು ದಾಟಿದ ಹೈನುಗಾರ. ಮಾತಾಡದೆ ಮಂಡಿಯೂರಿ ಕೂತರು. ಟೈರ್ ಬದಲಾಯಿಸಿ ಮುಗಿಸುವವರೆಗೆ ಅವರ ನಾಯಿ ನನ್ನ ಚಪ್ಪಲಿಯನ್ನೇ ಮೂಸುತ್ತಿತ್ತು.

ಮಗಳು ಥರ್ಮಾಸ್‌ನಿಂದ ಕಾಫಿ ಕೊಟ್ಟಳು, ನಾನು ಕೋಡುಬಳೆ ಕೊಟ್ಟೆ. "ಖಾರ ಇದೆ, ಚೆನ್ನಾಗಿದೆ" ಅಂತ ಇನ್ನೂ ಎರಡು ತಗೊಂಡರು. ಚುನಾವಣೆ ನೋಡೋಕೆ ಬಂದೆ ಅಂದಾಗ ಅವರಿಗೆ ಆಶ್ಚರ್ಯ.

"ನಾನು ಮೊದಲನೇ ವಾರವೇ ಹಾಕಿಬಿಟ್ಟಿದ್ದೆ. ಈಗ ಆ ಕೆಳಮನೆ ವೋಟು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಹೋಗಬೇಕು."

"ಬೇಜಾರಾಗಲ್ವಾ?"

"ಒಬ್ಬ ಮನುಷ್ಯ ಹೋಗಿದ್ದಾನೆ. ನನಗೆ ಇನ್ನೊಂದು ಬೆಳಿಗ್ಗೆ ಹೋಗುತ್ತೆ, ಅಷ್ಟೇ ತಾನೆ?"

ಅಲ್ಲಿ ವೋಟು ಹಾಕದಿದ್ದರೆ ದಂಡ, ಆ ಸಲ 92 ಡಾಲರ್. 1926ರ ಕಾನೂನಿನಿಂದಲೂ ರಾಜ್ಯದಲ್ಲಿ ಮತದಾನ ಕಡ್ಡಾಯ. ದಂಡಕ್ಕೆ ಹೆದರಿ ಹೋಗುತ್ತೀರಾ ಅಂತ ಕೇಳಿದೆ. "ಹೋಗಬೇಕು ಅಂತ ಹೋಗ್ತೀವಿ. ದಂಡದ ಯೋಚನೆ ಬರಲ್ಲ" ಅಂದರು. ನಾಯಿಯನ್ನು ಕರೆದು ಗಾಡಿ ಹತ್ತಿ ಹೊರಟರು.

ಶನಿವಾರ, ಶಾಲೆಯ ಗೇಟು

ಮತದಾನ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಮಗಳ ಮತಗಟ್ಟೆ ಹತ್ತಿರದ ಪ್ರೈಮರಿ ಶಾಲೆ. ನಮ್ಮಲ್ಲಿ ಮತದಾನಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲುತ್ತೆ. ಅಲ್ಲಿ ಆ ದಿನವೇ ಪ್ರಚಾರದ ಜೋರು. ಬೇಲಿಯುದ್ದಕ್ಕೂ ಬೋರ್ಡುಗಳು, ಗೇಟಿನಲ್ಲಿ ಕಾರ್ಡ್ ಹಂಚುವವರು. ಆ ದಿನ ಹಂಚುವ ಕಾರ್ಡನ್ನು ಚುನಾವಣಾ ಆಯೋಗದಲ್ಲಿ ಮೊದಲೇ ನೋಂದಾಯಿಸಿರಬೇಕು, ಮನಸ್ಸಿಗೆ ಬಂದದ್ದು ಹಂಚೋ ಹಾಗಿಲ್ಲ.

ಒಳಗೆ ಹೋಗುವ ಮೊದಲು ವಾಸನೆ ಬಂತು. ಪೋಷಕರ ಸಂಘದವರು ಶಾಲೆಗೆ ದುಡ್ಡು ಸೇರಿಸಲು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿಟ್ಟು ಮಾರುತ್ತಾರೆ. ಅದಿಲ್ಲದೆ ಅಲ್ಲಿ ಚುನಾವಣೆಯೇ ಇಲ್ಲ. ನಾನು ಮಾಂಸ ತಿನ್ನಲ್ಲ ಅಂದಾಗ ಸ್ಟಾಲಿನ ಹುಡುಗಿ ಬ್ರೆಡ್ ಮಧ್ಯೆ ಬರೀ ಈರುಳ್ಳಿ ತುಂಬಿ, ಮೇಲೆ ಟೊಮೆಟೊ ಸಾಸ್ ಹಾಕಿಕೊಟ್ಟಳು. ಕೆಂಪಗೆ ಹುರಿದ ಈರುಳ್ಳಿ, ಅಂಚು ಸ್ವಲ್ಪ ಕರಿದಾಗಿತ್ತು. ಸಸ್ಯಾಹಾರಿಗಳು ಹೋದರೆ ಹಾಗೇ ಕೇಳಿ ಹಾಕಿಸಿಕೊಳ್ಳಿ.

ಹಾಲ್ ಬಾಗಿಲಲ್ಲೇ ನಿಂತು ಒಳಗೆ ನೋಡಿದೆ. ಸಿಬ್ಬಂದಿ ಮಗಳನ್ನು ಕೇಳಿದ್ದು ಮೂರೇ ಪ್ರಶ್ನೆ. ಪೂರ್ತಿ ಹೆಸರೇನು, ವಿಳಾಸ ಯಾವುದು, ಈ ಚುನಾವಣೆಯಲ್ಲಿ ಈಗಾಗಲೇ ವೋಟು ಹಾಕಿದ್ದೀರಾ. ಗುರುತಿನ ಚೀಟಿ ಇಲ್ಲ, ಎಡಗೈ ಬೆರಳಿಗೆ ನಮ್ಮ ಮೈಸೂರಿನ ಶಾಯಿ ಇಲ್ಲ. ಮತಯಂತ್ರವೂ ಇಲ್ಲ. ಎರಡು ಕಾಗದ, ರಟ್ಟಿನ ಮರೆ. ಮೇಲ್ಮನೆಯ ಕಾಗದ ಮರೆಯ ಹಲಗೆ ದಾಟಿ ಹೊರಗೆ ಇಣುಕುತ್ತಿತ್ತು, ಅಷ್ಟು ಅಗಲ.

ಆ ದೊಡ್ಡ ಕಾಗದದ ಬಗ್ಗೆ ಒಂದು ಮಾತು ಹೇಳಬೇಕು. ಅದರಲ್ಲಿ ಅಡ್ಡಕ್ಕೆ ಒಂದು ಗೆರೆ, ಮೇಲಿನ ಭಾಗದಲ್ಲಿ ಪಕ್ಷಗಳು, ಕೆಳಗಿನ ಭಾಗದಲ್ಲಿ ಅಭ್ಯರ್ಥಿಗಳ ಹೆಸರು. ಗೆರೆಯ ಮೇಲಿನ ಭಾಗದಲ್ಲಿ ಒಂದು ಪಕ್ಷಕ್ಕೆ 1 ಅಂತ ಹಾಕಿದರೆ ಸಾಕು, ಉಳಿದ ಆಯ್ಕೆಗಳ ಕ್ರಮವನ್ನು ಆ ಪಕ್ಷ ಮೊದಲೇ ಬರೆದುಕೊಟ್ಟಿರುತ್ತೆ. ಮತದಾರರಿಗೆ ಗೊತ್ತೇ ಇಲ್ಲದ ಕಡೆಗೆ ವೋಟು ಹರಿದುಹೋಗಬಹುದು. ಬೇರೆ ರಾಜ್ಯಗಳು ಕೈಬಿಟ್ಟ ಪದ್ಧತಿ ಇದು, 2022ರಲ್ಲಿ ಉಳಿದಿದ್ದದ್ದು ವಿಕ್ಟೋರಿಯಾದಲ್ಲಿ ಮಾತ್ರ. ನನಗೆ ಇದು ಸರಿ ಕಾಣಲಿಲ್ಲ. ಗೆರೆಯ ಕೆಳಗೆ ಕನಿಷ್ಠ ಐದು ಹೆಸರಿಗೆ ನಂಬರ್ ಹಾಕಿದರೆ ವೋಟು ನಮ್ಮ ಕೈಯಲ್ಲೇ ಇರುತ್ತೆ. ಮಗಳು ಹಾಗೇ ಮಾಡಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ.

ಅವಳು ಸಾಲಿನಲ್ಲಿದ್ದಾಗ ಗೇಟಿನ ಬಳಿ ಒಬ್ಬರು ನನಗೂ ಕಾರ್ಡ್ ಚಾಚಿದರು. ನನಗೆ ವೋಟಿಲ್ಲ, ನೋಡಲು ಬಂದವಳು ಅಂದೆ. "ಪರವಾಗಿಲ್ಲ, ಇಟ್ಕೊಳ್ಳಿ" ಅಂದರು. ಕಾರ್ಡಿನ ಫೋಟೋ ನೋಡಿದೆ, ಅವರ ಮುಖ ನೋಡಿದೆ. ಒಬ್ಬರೇ. ಪಕ್ಷೇತರ ಅಭ್ಯರ್ಥಿಯೇ ಸ್ವತಃ ಬಿಸಿಲಲ್ಲಿ ನಿಂತು ಕಾಗದ ಹಂಚುತ್ತಿದ್ದರು. ಪಕ್ಕದಲ್ಲಿ ಎದುರು ಪಕ್ಷದ ಸ್ವಯಂಸೇವಕಿ. ಅವರ ಹತ್ತಿರ ನೀರಿನ ಬಾಟಲಿ ಖಾಲಿಯಾದಾಗ ಆಕೆಯೇ ತನ್ನದನ್ನು ಕೊಟ್ಟಳು.

ನಾನು ಕೇಳಬೇಕು ಅಂದುಕೊಂಡಿದ್ದನ್ನೆಲ್ಲ ಕೇಳಿದೆ. ನಿಲ್ಲೋಕೆ ಏನು ಬೇಕು? ಕ್ಷೇತ್ರದ ಆರು ಮತದಾರರ ಸಹಿ, 350 ಡಾಲರ್ ಠೇವಣಿ. ಶೇಕಡಾ 4ರಷ್ಟು ಒಂದನೇ ಆಯ್ಕೆಯ ವೋಟು ಬಂದರೆ ಠೇವಣಿ ವಾಪಸ್. ನಮ್ಮಲ್ಲಿ ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಆರನೇ ಒಂದು ಪಾಲು ವೋಟು ಬರದಿದ್ದರೆ ಹೋಯ್ತು. ನಾನು ಅವರಿಗೆ 1996ರ ಬೆಳಗಾವಿ ಕಥೆ ಹೇಳಿದೆ. ಲೋಕಸಭೆಗೆ 456 ಜನ ನಿಂತು, ಮತಪತ್ರವೇ ಒಂದು ಪುಸ್ತಕ ಆಗಿತ್ತು. ಅದೇ ವರ್ಷ ಲೋಕಸಭೆಯ ಠೇವಣಿ 500ರಿಂದ 10,000ಕ್ಕೆ ಏರಿತು. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ "ಅಷ್ಟೂ ಹೆಸರನ್ನು ಅಚ್ಚು ಹಾಕಿದರಲ್ಲ, ಅದು ದೊಡ್ಡದು" ಅಂದರು.

ಗೆಲ್ಲುತ್ತೀರಾ ಅಂತ ಕೇಳಿದೆ.

"ಇಲ್ಲ. ಆದರೆ ನನಗೆ ಒಂದನೇ ನಂಬರ್ ಕೊಟ್ಟವರ ವೋಟು ಹಾಳಾಗಲ್ಲ. ನಾನು ಔಟ್ ಆದ ಮೇಲೆ ಅವರ ಎರಡನೇ ಆಯ್ಕೆಗೆ ಹೋಗುತ್ತೆ. ಅದಕ್ಕೇ ದೊಡ್ಡ ಪಕ್ಷದವರು ಈ ತಿಂಗಳು ನಾನು ಹೇಳಿದ್ದನ್ನ ಕೂತು ಕೇಳಿದ್ರು. ಬಸ್ಸು, ಶಾಲೆ, ರಸ್ತೆ."

ನಮ್ಮಲ್ಲಿ ಸಣ್ಣ ಅಭ್ಯರ್ಥಿಗೆ ವೋಟು ಹಾಕಿದವರನ್ನು "ಸುಮ್ನೆ ವೇಸ್ಟ್ ಮಾಡಿದೆ" ಅಂತ ಮನೆಯವರೇ ಬೈಯುತ್ತಾರೆ. ಆ ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ಮನಸ್ಸಿನಲ್ಲಿರುವವರನ್ನು ಬಿಟ್ಟು ಬೇರೆಯವರಿಗೆ ಒತ್ತುತ್ತಾರೆ. ಇಲ್ಲಿ ಆ ಭಯ ಇಲ್ಲ. ಈ ಒಂದು ವಿಷಯಕ್ಕೆ ನನಗೆ ಹೊಟ್ಟೆಕಿಚ್ಚಾಯಿತು.

ಆರು ಗಂಟೆಗೆ ಬಾಗಿಲು ಮುಚ್ಚಿ ಅದೇ ಹಾಲ್‌ನಲ್ಲಿ ಎಣಿಕೆ ಶುರು. ಯಂತ್ರ ವಾಪಸ್ ಒಪ್ಪಿಸುವ ಡಿ-ಮಸ್ಟರಿಂಗ್ ಇಲ್ಲ, ಸ್ಟ್ರಾಂಗ್ ರೂಂ ಕಾವಲು ಇಲ್ಲ, ಎಣಿಕೆ ಶುರುವಾಗೋಕೆ ದಿನಗಟ್ಟಲೆ ಕಾಯೋದು ಇಲ್ಲ. ರಾತ್ರಿ ಟಿವಿ ಮುಂದೆ ಕೂತಿದ್ದಾಗಲೇ ಆಗಿನ ಪ್ರೀಮಿಯರ್ ಡೇನಿಯಲ್ ಆ್ಯಂಡ್ರೂಸ್ ಅವರ ಲೇಬರ್ ಪಕ್ಷ ಮೂರನೇ ಸಲ ಗೆದ್ದಿದೆ ಅಂತ ಸ್ಪಷ್ಟವಾಯಿತು.

ಭಾನುವಾರ ಮತ್ತು ಆಮೇಲೆ

ಕೆಳಮನೆಗೆ ಇಡೀ ರಾಜ್ಯದಲ್ಲಿ 740 ಜನ ನಿಂತಿದ್ದರು, ಹಿಂದೆಂದೂ ಇಲ್ಲದಷ್ಟು. ಪಕ್ಷೇತರರಲ್ಲಿ ಒಬ್ಬರೂ ಗೆಲ್ಲಲಿಲ್ಲ. ಶೆಪರ್ಟನ್‌ನ ಸುಜಾನಾ ಶೀಡ್, ಮಿಲ್ಡ್ಯೂರಾದ ಆಲಿ ಕಪರ್, ಇದ್ದ ಪಕ್ಷೇತರ ಶಾಸಕಿಯರೂ ಸೋತರು. ಇದನ್ನು ಓದಿ ಗೇಟಿನ ಬಳಿ ಕಂಡವರ ನೆನಪಾಗಿ ಬೇಸರವಾಯಿತು. ಬೆಳಿಗ್ಗೆ ಹಾಲು ತರಲು ಹೋದಾಗ ಶಾಲೆಯ ಬೇಲಿ ಆಗಲೇ ಖಾಲಿ. ಬೋರ್ಡುಗಳನ್ನು ರಾತ್ರಿಯೇ ಬಿಚ್ಚಿಕೊಂಡು ಹೋಗಿದ್ದರು.

ತಿಪಟೂರಿಗೆ ವಾಪಸ್ ಬಂದಮೇಲೂ ನ್ಯಾರಕನ್ ಸುದ್ದಿ ಹುಡುಕುತ್ತಿದ್ದೆ. ಅಲ್ಲಿನ ಬಾಕಿ ಚುನಾವಣೆ 2023ರ ಜನವರಿ 28ರಂದು ನಡೆದು, ಲಿಬರಲ್ ಪಕ್ಷದ ವೇನ್ ಫಾರ್ನಮ್ ಗೆದ್ದರು. ಮಗಳಿಗೆ ಫೋನ್ ಮಾಡಿ, ಆ ಹೈನುಗಾರರು ಹೋಗಿ ವೋಟು ಹಾಕಿರುತ್ತಾರಾ ಅಂತ ಕೇಳಿದೆ. "ಹಾಕಿರ್ತಾರೆ ಬಿಡಮ್ಮ. ಹಾಲು ಕರೆದು, ಬೂಟು ಹಾಕ್ಕೊಂಡೇ ಹೋಗಿರ್ತಾರೆ" ಅಂದಳು.